ಐರ್ಲೆಂಡಿನ ಹಳ್ಳಿಯಲ್ಲಿ ನಮ್ಮ ಸಂಸಾರ



'ವಿದೇಶ ವಾಸದ ಅನುಭವ ಹೇಳು' ಅಂತ ಕಾರ್ಯದರ್ಶಿಯವರು ಫೋನ್ ಮಾಡಿದಾಗ ನಾನು ಸ್ವಲ್ಪ ಹಿಂಜರಿದೆ. ವಿದೇಶ ಅಂದರೆ ಎತ್ತರದ ಕಟ್ಟಡ, ಮಾಲ್, ಮೆಟ್ರೋ ಅಂತ ನೀವು ಕಾಯ್ತಾ ಇರಬಹುದು. ನನ್ನ ಫೋನಿನಲ್ಲಿರುವುದು ಹುಲ್ಲು, ಮಳೆ ಮತ್ತು ದನಗಳ ಫೋಟೋ. ಅವನ್ನು ನೋಡಿ ನನ್ನ ಅತ್ತೆಯವರು, "ಇದನ್ನು ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ? ಶಿರಸಿಗೇ ಹೋಗಬಹುದಿತ್ತಲ್ಲ" ಅಂದಿದ್ದರು.

ನಾವು 2023ರ ಆಗಸ್ಟಿನಲ್ಲಿ ಪುಣೆ ಬಿಟ್ಟು ಐರ್ಲೆಂಡಿಗೆ ಹೋದೆವು. ಯಜಮಾನರಿಗೆ ಸ್ಲೈಗೋ ಪಟ್ಟಣದ ಒಂದು ಔಷಧ ಕಾರ್ಖಾನೆಯಲ್ಲಿ ಕೆಲಸ. ನನಗೆ ನಮ್ಮ ಕಂಪನಿಯ ಡಬ್ಲಿನ್ ಆಫೀಸಿಗೆ ವರ್ಗ, ಆದರೆ ಮನೆಯಿಂದಲೇ ಕೆಲಸ. ಐರ್ಲೆಂಡಿನಲ್ಲಿ ಬಾಡಿಗೆ ಮನೆಗೆ ಎಂಥ ಬರ ಅಂದರೆ ಪಟ್ಟಣದಲ್ಲಿ ಆರು ವಾರ ಹುಡುಕಿದರೂ ಒಂದು ಸಿಗಲಿಲ್ಲ. ಕೊನೆಗೆ ಪಕ್ಕದ ಲೀಟ್ರಿಮ್ ಕೌಂಟಿಯ ಒಂದು ಹಳ್ಳಿಯಾಚೆ, ಹೊಲದ ನಡುವೆ ಒಂಟಿ ಮನೆ ಸಿಕ್ಕಿತು. ಲೀಟ್ರಿಮ್ ಅಂದರೆ ಆ ದೇಶದಲ್ಲೇ ಅತಿ ಕಡಿಮೆ ಜನರಿರುವ ಕೌಂಟಿ. ಇಡೀ ಕೌಂಟಿಗೆ ಸುಮಾರು 35 ಸಾವಿರ ಜನ. ನಮ್ಮ ಹಿಂಜವಡಿಯ ಐಟಿ ಪಾರ್ಕಿನಲ್ಲಿ ಒಂದು ಬೆಳಿಗ್ಗೆ ಟ್ರಾಫಿಕ್‌ನಲ್ಲಿ ನಿಂತವರು ಇದಕ್ಕಿಂತ ಹೆಚ್ಚಿರಬೇಕು!

ಮನೆಗೆ ನಂಬರಿಲ್ಲ, ರಸ್ತೆಗೆ ಹೆಸರಿಲ್ಲ. 2015ರಲ್ಲಿ ಪ್ರತಿ ಮನೆಗೂ ಕೊಟ್ಟ ಏಳು ಅಕ್ಷರ-ಅಂಕಿಗಳ 'ಏರ್‌ಕೋಡ್' ಒಂದೇ ವಿಳಾಸ. ರಸ್ತೆಯ ಮಧ್ಯೆ ಹುಲ್ಲು ಬೆಳೆದಿರುತ್ತದೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದಕ್ಕೆ ಹೋಗಬೇಕು, ಮೊದಮೊದಲು ಯಾವಾಗಲೂ ನಾನೇ. ನಮ್ಮ ಲೈಸೆನ್ಸನ್ನು ಅಲ್ಲಿಯದಕ್ಕೆ ಬದಲಾಯಿಸಿ ಕೊಡುವುದಿಲ್ಲ. ಹದಿನಾಲ್ಕು ವರ್ಷ ಪುಣೆಯಲ್ಲಿ ಗಾಡಿ ಓಡಿಸಿದವಳು ಲರ್ನರ್ ಬೋರ್ಡ್ ಹಾಕಿಕೊಂಡು ಮತ್ತೆ ಪರೀಕ್ಷೆ ಬರೆದೆ. ಎಂ.ಟೆಕ್.ಗೂ ಇಷ್ಟು ಹೆದರಿರಲಿಲ್ಲ.

ಅಡಿಗೆಮನೆಯ ಕಥೆ ನೀವು ಕೇಳಿಯೇ ಕೇಳುತ್ತೀರಿ. ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಆನ್‌ಲೈನಿನಲ್ಲಿ ಬರುತ್ತಿತ್ತು, ಅದೇನೂ ಕಷ್ಟವಲ್ಲ. ಕಷ್ಟ ಆದದ್ದು ದೋಸೆ ಹಿಟ್ಟು. ಮೂರು ದಿನ ಇಟ್ಟರೂ ಹುಳಿ ಬರುತ್ತಿರಲಿಲ್ಲ. ಅಲ್ಲಿನ ಮನೆಗಳಲ್ಲಿ ಬಿಸಿನೀರಿನ ತೊಟ್ಟಿ ಇಡುವ ಒಂದು ಕಪಾಟಿರುತ್ತದೆ, ಅದಕ್ಕೆ 'ಹಾಟ್ ಪ್ರೆಸ್' ಅನ್ನುತ್ತಾರೆ. ಅವರು ಟವೆಲ್ ಒಣಗಿಸುವುದು ಅಲ್ಲೇ. ಪಕ್ಕದ ಮನೆಯ ಅಜ್ಜಿ ಬ್ರೆಡ್ಡಿನ ಹಿಟ್ಟನ್ನೂ ಅದರಲ್ಲೇ ಉಬ್ಬಿಸುತ್ತೇನೆ ಅಂದಾಗ ನನಗೆ ಹೊಳೆಯಿತು. ಮಾರನೇ ದಿನ ನಮ್ಮ ಟವೆಲ್ಲುಗಳಿಗೆಲ್ಲ ಉದ್ದಿನ ವಾಸನೆ, ಆದರೆ ದೋಸೆ ಮಾತ್ರ ಜಾಲರಿಯಾಗಿ ಬಂತು.

ಪಕ್ಕದ ಮನೆ ಅಂದೆ, ಅದು ಅರ್ಧ ಕಿಲೋಮೀಟರು ದೂರ. ಆದರೂ ನಮ್ಮ ವಿಷಯ ಅವರಿಗೆ ಗೊತ್ತಿಲ್ಲದ್ದು ಇರಲಿಲ್ಲ. ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತಿ ಎಲ್ಲರೂ ಎಲ್ಲರಿಗೂ ನಮಸ್ಕಾರ ಹೇಳುತ್ತಾರೆ. ಬೆರಳೆತ್ತಿದವರು ಯಾರೋ ನನಗೆ ತಿಳಿಯದು, ಅವರಿಗೆ ಮಾತ್ರ ನನ್ನ ಮಗನ ಹಲ್ಲು ಬಿದ್ದದ್ದೂ ಗೊತ್ತು. ನಿಜ ಹೇಳುತ್ತೇನೆ, ಮೊದಲ ಚಳಿಗಾಲ ನನಗೆ ಇದು ಉಸಿರು ಕಟ್ಟಿಸಿತು. ಶಿರಸಿ ಕಡೆಯ ನಮ್ಮೂರಿನಿಂದ ನಾನು ಓಡಿಬಂದದ್ದೇ ಇದಕ್ಕೆ. ಯಾರ ಮಗಳು, ಎಷ್ಟು ಮಾರ್ಕು, ಮದುವೆ ಯಾವಾಗ ಅಂತ ಕೇಳುವವರಿಂದ ದೂರ, ಬಾಗಿಲು ಹಾಕಿದರೆ ಯಾರೂ ತಟ್ಟದ ಪುಣೆಯ ಫ್ಲ್ಯಾಟು ನನಗೆ ಸ್ವರ್ಗವಾಗಿತ್ತು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಕಿಟಕಿಯಲ್ಲಿ ಕೂತು, ಸಾವಿರಾರು ಮೈಲಿ ಹಾರಿ ಮತ್ತೆ ಅದೇ ಊರಿಗೆ ಬಂದೆನಲ್ಲ ಅಂತ ಅತ್ತಿದ್ದೂ ಇದೆ.

ಮಗ ಮಾತ್ರ ಬೇಗ ಹೊಂದಿಕೊಂಡ. ಮೂವರೇ ಟೀಚರುಗಳ ಶಾಲೆ. ಅಲ್ಲಿ ಐರಿಷ್ ಭಾಷೆ ಕಡ್ಡಾಯ. ಸಂವಿಧಾನದಲ್ಲಿ ಅದೇ ಮೊದಲ ಅಧಿಕೃತ ಭಾಷೆ, ಆದರೆ ಮನೆಯಲ್ಲಿ ದಿನಾ ಆಡುವವರು ತೀರ ಕಡಿಮೆ. ನಮ್ಮ ಮನೆಯಲ್ಲಿ ಹೋಂವರ್ಕು ಮಾಡಿಸುವವರು ಯಾರು? ಒಂದು ದಿನ ಅವನೇ ನನಗೆ ಪಾಠ ಹೇಳಿದ: "ಅಮ್ಮಾ, ಐರಿಷ್‌ನಲ್ಲಿ 'ಯೆಸ್', 'ನೋ' ಅನ್ನೋ ಪದಾನೇ ಇಲ್ಲ. ಊಟ ಮಾಡಿದೆಯಾ ಅಂದ್ರೆ 'ಮಾಡಿದೆ' ಅನ್ನಬೇಕು." ಅದಕ್ಕೆ ನಾನು, "ನಾವೂ 'ಊಟ ಆಯ್ತಾ' ಅಂದ್ರೆ 'ಆಯ್ತು' ಅಂತಲೇ ಅಲ್ವೇನೋ ಅನ್ನೋದು" ಅಂದೆ. ಅವನಿಗೆ ಅದು ದೊಡ್ಡ ಸುದ್ದಿ. ಪುಣೆಯಲ್ಲಿ ಕನ್ನಡದಲ್ಲಿ ಉತ್ತರಿಸು ಅಂತ ನಾನು ಗೋಗರೆದರೂ ಇಂಗ್ಲಿಷಿನಲ್ಲೇ ಹೇಳುತ್ತಿದ್ದವನು, ಅವತ್ತಿನಿಂದ ಇಡೀ ವಾರ ಆಯ್ತು, ಬಂತು, ಹೋಯ್ತು ಅಂತ ಓಡಾಡಿದ.

ಒಂದು ಮುಜುಗರದ ವಿಷಯವೂ ಇತ್ತು. ಸುತ್ತ ಹೊಲದಲ್ಲಿ ಮೇಯುತ್ತಿದ್ದ ದನಗಳು ಹಾಲಿಗಲ್ಲ, ಮಾಂಸಕ್ಕೆ ಸಾಕಿದವು. ಮಗ ಅವಕ್ಕೆಲ್ಲ ಗೌರಿ, ಗಂಗೆ ಅಂತ ಹೆಸರಿಟ್ಟಿದ್ದ. ಒಂದು ದಿನ ಲಾರಿ ಬಂತು. ಅವನಿಗೆ ನಾನು ಏನು ಹೇಳಿದೆ ಅಂತ ಇಲ್ಲಿ ಹೇಳುವುದಿಲ್ಲ, ಏಕೆಂದರೆ ಅದು ಸುಳ್ಳು.

2024ರ ಅಕ್ಟೋಬರಿನಲ್ಲಿ ಒಂದು ಬೆಳಗಿನ ಜಾವ ಐದಕ್ಕೆ ತಮ್ಮನ ಫೋನ್ ಬಂತು. ಅಪ್ಪ ತೋಟಕ್ಕೆ ಹೋದವರು ಕುಸಿದು ಬಿದ್ದರಂತೆ, ಎತ್ತಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಲ್ಲಿಂದ ಭಾರತಕ್ಕೆ ನೇರ ವಿಮಾನವಿಲ್ಲ. ಡಬ್ಲಿನ್‌ಗೆ ಹೋಗಿ, ಕೊಲ್ಲಿಯಲ್ಲಿ ವಿಮಾನ ಬದಲಿಸಿ, ಮತ್ತೆ ಘಟ್ಟದ ದಾರಿ, ಏನು ಮಾಡಿದರೂ ಒಂದೂವರೆ ದಿನ. ಸಂಜೆಯೊಳಗೆ ಎಲ್ಲ ಮುಗಿಸಬೇಕು ಅಂದರು. ನಾನೇ "ಕಾಯಬೇಡಿ" ಅಂದೆ. ಅಪ್ಪನ ಕೊನೆಯ ದರ್ಶನ ಫೋನಿನ ಪರದೆಯಲ್ಲಿ ಆಯಿತು. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು.

ಮಗನನ್ನು ಶಾಲೆಗೆ ಬಿಡುವಾಗ ಯಜಮಾನರು ಟೀಚರಿಗೆ ಒಂದೇ ಮಾತು ಹೇಳಿದ್ದರಂತೆ. ಸಂಜೆ ಆರಕ್ಕೆ ನಮ್ಮ ಅಂಗಳದಲ್ಲಿ ಒಂಬತ್ತು ಕಾರು. ಅಲ್ಲಿ ಸಾವಿನ ಮನೆಗೆ ಹೋಗುವುದು ಅಂದರೆ ಊರಿನ ಕರ್ತವ್ಯ, ಸತ್ತವರ ಹೆಸರನ್ನು ಸ್ಥಳೀಯ ರೇಡಿಯೋದಲ್ಲೂ ಓದುತ್ತಾರೆ. ಶವ ಮನೆಯಲ್ಲಿರುತ್ತದೆ, ಜನ ಬಂದು ಕೈಕುಲುಕಿ, ಚಹಾ ಕುಡಿದು, ಸತ್ತವರ ಕಥೆ ಹೇಳುತ್ತಾ ಕೂರುತ್ತಾರೆ. ನಮ್ಮ ಮನೆಯಲ್ಲಿ ಶವವಿರಲಿಲ್ಲ. ಆದರೂ ಬಂದರು. ಯಾರೋ ಹಾಲ್‌ನಿಂದ ಕಪ್ಪುಗಳನ್ನು ತಂದರು, ಯಾರೋ ಹೇಳದೆಯೇ ನಮ್ಮ ಅಡಿಗೆಮನೆ ಸೇರಿ ನೀರು ಕಾಯಿಸಿದರು. ಪಕ್ಕದ ಅಜ್ಜಿ ತಂದ ಸ್ಯಾಂಡ್‌ವಿಚ್ ಡಬ್ಬಿಯ ಮೇಲೆ 'ಮೊಟ್ಟೆ ಇಲ್ಲ, ಚೀಸ್ ಮಾತ್ರ' ಅಂತ ಚೀಟಿ ಅಂಟಿಸಿದ್ದರು. ಅಪ್ಪನ ಫೋಟೋ ಕೇಳಿ ತೆಗೆದುಕೊಂಡು, ಕಿಟಕಿಯಲ್ಲಿಟ್ಟು, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿದರು.

ನಾನು ಬೆಳಗ್ಗೆಯಿಂದ ಅತ್ತಿರಲಿಲ್ಲ. ಟಿಕೆಟ್ಟು, ರಜೆಯ ಮೇಲ್, ಸೂಟ್‌ಕೇಸು ಅಂತ ಓಡಾಡಿಕೊಂಡಿದ್ದೆ. ಎಲ್ಲರೂ ಕೈ ಹಿಡಿದು ಒಂದೊಂದು ಮಾತು ಹೇಳಿದರು. ಕೊನೆಗೆ ಲಾರಿಯವನಿಗೆ ದನ ಕೊಟ್ಟಿದ್ದ ಅದೇ ರೈತ, ಎಪ್ಪತ್ತು ದಾಟಿದವರು, ಟೋಪಿ ತೆಗೆದು ನನ್ನ ಪಕ್ಕ ಕೂತರು. ಅಪ್ಪನ ಬಳಿ ಎಷ್ಟು ಹಸು ಅಂತ ಕೇಳಿದರು. ನಾಲ್ಕು ಅಂದೆ. ಕೈಯಲ್ಲೇ ಕರೆಯುತ್ತಿದ್ದರಾ? ಹೌದು. ತಮ್ಮ ತಾಯಿಯೂ ಹಾಗೇ ಕರೆಯುತ್ತಿದ್ದರು ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಈ ಸಂಜೆ ಅವನ್ನು ಯಾರು ಕರೆದರು?" ಅಂದರು.

ನಾನು ಅತ್ತುಬಿಟ್ಟೆ. ನನಗೆ ಅದು ಗೊತ್ತಿರಲಿಲ್ಲ, ತಮ್ಮನನ್ನು ಕೇಳಿರಲೂ ಇಲ್ಲ.

ಮಾರನೇ ದಿನ ಊರಿಗೆ ಹೊರಟೆ. ಯಜಮಾನರ ಶಿಫ್ಟು ಬೆಳಗ್ಗೆ ಏಳಕ್ಕೆ. ಹದಿನಾರು ದಿನ ಮಗನನ್ನು ಶಾಲೆಗೆ ಮುಟ್ಟಿಸಿದ್ದು ಆ ಅಜ್ಜಿ. (ಹಸುಗಳನ್ನು ಕರೆದದ್ದು ಪಕ್ಕದ ಮನೆ ಸಾವಿತ್ರಕ್ಕ. ಊರಿಗೆ ಹೋದ ಮೇಲೆ ನಾನು ಮೊದಲು ಕೇಳಿದ್ದೇ ಅದನ್ನು.)

ಅವರ ಋಣ ತೀರಿಸಲು ಅಂತಲ್ಲ, ಆದರೆ ನಮಗೂ ಒಂದು ಸರದಿ ಬಂತು. 2025ರ ಜನವರಿ 24ರಂದು 'ಏವಿನ್' ಬಿರುಗಾಳಿ ಬೀಸಿತು. ಪಶ್ಚಿಮ ಕರಾವಳಿಯಲ್ಲಿ ಗಾಳಿಯ ವೇಗ ಗಂಟೆಗೆ 180 ಕಿ.ಮೀ. ದಾಟಿತ್ತು. ದೇಶದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟು ಹೋಯಿತು. ನಮಗೆ ಬಂದದ್ದು ಎಂಟು ದಿನದ ಮೇಲೆ. ಬಾವಿಯ ಪಂಪು ನಿಂತಿತು, ನೀರಿಲ್ಲ. ಸುತ್ತಲಿನ ಹಲವರದ್ದು ಕರೆಂಟಿನ ಒಲೆ, ನಮ್ಮದು ಸಿಲಿಂಡರ್ ಗ್ಯಾಸು. ಚೈನ್‌ಸಾ ಹಿಡಿದು ರಸ್ತೆಯ ಮರ ಕಡಿಯುತ್ತಿದ್ದವರಿಗೆಲ್ಲ ನಮ್ಮ ಮನೆಯಿಂದ ದಿನಾ ದೊಡ್ಡ ಪಾತ್ರೆಯಲ್ಲಿ ಅನ್ನ, ತಿಳಿಸಾರು. ಸಾರನ್ನು ಅವರು ಮಗ್ಗಿನಲ್ಲಿ ಕಾಫಿಯ ಹಾಗೆ ಕುಡಿದರು. ಮೆಣಸು ಗಂಟಲಿಗೆ ಹತ್ತಿ ಕೆಮ್ಮಿ ಕೆಮ್ಮಿ ಮತ್ತೆ ಮಗ್ಗು ಮುಂದೆ ಹಿಡಿದರು.

ಎಲ್ಲ ಸಿಹಿಯಾಗಿತ್ತು ಅನ್ನುವುದಿಲ್ಲ. ಡಾಕ್ಟರು ಬೇಕೆಂದರೆ ಹತ್ತಿರದಲ್ಲಿ ಯಾರೂ ಹೊಸಬರನ್ನು ಸೇರಿಸಿಕೊಳ್ಳಲಿಲ್ಲ. ಬಣ್ಣದ ಬಗ್ಗೆ ಮಗನಿಗೆ ಆಟದ ಮೈದಾನದಲ್ಲಿ ಒಂದು ಮಾತು ಬಂದಿತ್ತು. ನಾವು ಜೂನ್‌ನಲ್ಲಿ ಅಮ್ಮನಿಗೆ ಹತ್ತಿರ ಇರೋಣ ಅಂತ ವಾಪಸಾದ ಮೇಲೆ, ಡಬ್ಲಿನ್‌ನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದ ಸುದ್ದಿ ಬಂತು. ಆಗ ಅಜ್ಜಿ ಫೋನ್ ಮಾಡಿ, ತಾನೇ ತಪ್ಪು ಮಾಡಿದವರ ಹಾಗೆ ಕ್ಷಮೆ ಕೇಳಿದರು. ಏನು ಹೇಳಲಿ ನಾನು?

ಪುಣೆಗೆ ಬಂದು ನಮ್ಮ ಫ್ಲ್ಯಾಟಿನ ಬೀಗ ತೆಗೆಯುವಾಗ ಎದುರು ಬಾಗಿಲಿನ ಹೆಸರಿನ ಫಲಕ ಬದಲಾಗಿತ್ತು. ಮೊದಲು ಅಜ್ಜನ ಹೆಸರಿತ್ತು, ಈಗ ಅಜ್ಜಿಯದು. ಆರು ವರ್ಷ ಎದುರುಬದುರು ಇದ್ದೆವು, ಲಿಫ್ಟಿನಲ್ಲಿ ನಗುವುದು ಬಿಟ್ಟು ಬೇರೆ ಮಾತಿಲ್ಲ. ಎರಡು ದಿನ ಯೋಚಿಸಿ, ಮೂರನೇ ದಿನ ಒಂದು ಡಬ್ಬಿ ಅವಲಕ್ಕಿ ಹಿಡಿದು ಬೆಲ್ ಮಾಡಿದೆ. ಮಾತು ಹೇಗೆ ಶುರು ಮಾಡಬೇಕೋ ತಿಳಿಯದೆ, ನನ್ನ ಹರುಕು ಮರಾಠಿಯಲ್ಲಿ, ಅಜ್ಜ ದಿನಾ ಸಂಜೆ ಕೆಳಗೆ ನೀರು ಹಾಕುತ್ತಿದ್ದ ತುಳಸಿಗೆ ಈಗ ಯಾರು ನೀರು ಹಾಕುತ್ತಾರೆ ಅಂತ ಕೇಳಿದೆ.

ಅಜ್ಜಿ ಬಾಗಿಲನ್ನು ಪೂರ್ತಿ ತೆಗೆದು, "ಆತ್ ಯೇ, ಬಸ್" ಅಂದರು. ಅವತ್ತು ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ.