ಮುಂದಿನ ಚಕ್ರದಲ್ಲಿ ಸದ್ದು: ಗ್ಯಾರೇಜಿಗೆ ಹೋಗೋ ಮುಂಚೆ ಇದನ್ನ ಕೇಳಿ

ಇವತ್ತು ಮಾತಾಡೋದು ಒಂದೇ ವಿಷಯ: ಕಾರಿನ ಮುಂದಿನ ಚಕ್ರದ ಕಡೆಯಿಂದ ಬರೋ ಸದ್ದು.

ಹೋದ ತಿಂಗಳು ಹಾಸನದಿಂದ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಮೂರು ತಿಂಗಳಾಯ್ತು. ಸ್ಪೀಡು 60 ದಾಟಿದ್ರೆ ಮುಂದೆಯಿಂದ ಗುಂಯ್ ಅನ್ನುತ್ತೆ. ಗ್ಯಾರೇಜಲ್ಲಿ ಎರಡೂ ಕಡೆ ಬೇರಿಂಗ್ ಹೋಗಿದೆ, ಜೊತೆಗೆ ಆಕ್ಸಲ್ಲೂ ಹಾಕಿಬಿಡೋಣ ಅಂತಾರೆ. ಶನಿವಾರ ಅಮ್ಮನ್ನ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗ್ಬೇಕು. ಈ ಗಾಡೀಲಿ ಘಾಟಿ ಇಳೀಬಹುದಾ?"

ದುಡ್ಡಿನ ಪ್ರಶ್ನೆ ಆಮೇಲೆ. ಅಮ್ಮನ್ನ ಕೂರಿಸಿಕೊಂಡು ಘಾಟಿ ಇಳಿಯೋದು ದೊಡ್ಡ ಪ್ರಶ್ನೆ. ನಾನು ಆ ತಂಗಿಗೆ ಕೇಳಿದ್ದು ಇಷ್ಟೇ: ಸದ್ದು ಹೇಗಿದೆ ಅನ್ನೋದು ಬಿಡಿ, ಯಾವಾಗ ಬರುತ್ತೆ, ಯಾವಾಗ ಬದಲಾಗುತ್ತೆ ಹೇಳಿ.

ಯಾಕಂದ್ರೆ ಜಾಗದ ವಿಷಯದಲ್ಲಿ ಕಿವಿಯನ್ನು ನಂಬೋ ಹಾಗಿಲ್ಲ. ಕಬ್ಬಿಣದ ಬಾಡಿ ಸದ್ದನ್ನ ಎಲ್ಲಿಂದ ಎಲ್ಲಿಗೋ ಒಯ್ಯುತ್ತೆ. ಎಡಗಡೆ ಚಕ್ರದ ಸದ್ದು ಡ್ಯಾಶ್‌ಬೋರ್ಡ್ ನಡುವಿನಿಂದ ಬಂದ ಹಾಗೆ ಕೇಳಿಸಬಹುದು.

ಮೊದಲು ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಸದ್ದು ಬರೋವಾಗ ಒಂದು ಕ್ಷಣ ಕ್ಲಚ್ ಒತ್ತಿ, ಆಕ್ಸಿಲರೇಟರ್ ಬಿಡಿ. ಇಂಜಿನ್ ಶಾಂತ ಆದ್ರೂ ಗುಂಯ್ ಮುಂದುವರಿದ್ರೆ, ಅದು ಇಂಜಿನ್ನಿನದಲ್ಲ, ಚಕ್ರದ ಜೊತೆ ತಿರುಗೋ ಯಾವುದೋ ಒಂದರದ್ದು. ಆಮೇಲೆ ರಸ್ತೆಯ ತಿರುವುಗಳಲ್ಲಿ ಗಮನಿಸಿ. ಬಸ್ಸು ಎಡಕ್ಕೆ ತಿರುಗಿದ್ರೆ ನಾವು ಬಲಕ್ಕೆ ವಾಲ್ತೀವಲ್ಲ, ಕಾರಿನ ಭಾರವೂ ಹಾಗೇ ಬಲಗಡೆ ಚಕ್ರದ ಮೇಲೆ ಬೀಳುತ್ತೆ. ಎಡಕ್ಕೆ ತಿರುಗುವಾಗ ಸದ್ದು ಜೋರಾದ್ರೆ ಅನುಮಾನ ಬಲಗಡೆ ಬೇರಿಂಗ್ ಮೇಲೆ. ಬಲಕ್ಕೆ ತಿರುಗಿದಾಗ ಜೋರಾದ್ರೆ ಎಡಗಡೆಯದ್ದು. ಎಲ್ಲಾ ಬೇರಿಂಗೂ ಇಷ್ಟು ಸ್ಪಷ್ಟವಾಗಿ ಹೇಳಲ್ಲ, ಆದ್ರೆ ಹೇಳಿದಾಗ ಅರ್ಧ ಕೆಲಸ ಮುಗೀತು.

ಆ ತಂಗಿಯ ಕಾರಲ್ಲಿ ತಿರುವಿನಲ್ಲಿ ಏನೂ ಬದಲಾಗಲಿಲ್ಲ. ಬದಲಾಗಿದ್ದು ರಸ್ತೆ ಬದಲಾದಾಗ. ಹೊಸ ಡಾಂಬರಿನ ಮೇಲೆ ಸದ್ದು ಕಮ್ಮಿ, ಕಾಂಕ್ರೀಟ್ ಬಂದ ಕೂಡ್ಲೆ ಜಾಸ್ತಿ. ಬೇರಿಂಗಿಗೆ ಕೆಳಗೆ ಡಾಂಬರಿದ್ಯೋ ಕಾಂಕ್ರೀಟಿದ್ಯೋ ಗೊತ್ತಾಗಲ್ಲ, ಗೊತ್ತಾಗೋದು ಟೈರಿಗೆ. ಗಾಡಿ ನಿಲ್ಲಿಸಿ ಟೈರಿನ ಮೇಲೆ ಅಂಗೈ ಆಡಿಸಿ ನೋಡಿ ಅಂದೆ. ಒಂದು ಕಡೆಗೆ ಸವರಿದ್ರೆ ನುಣುಪು, ವಾಪಸ್ ಎಳೆದ್ರೆ ಗರಗಸದ ಹಲ್ಲಿನ ಹಾಗೆ ತಡೆಯುತ್ತೆ ಅಂದ್ರು. ಟೈರ್ ಅಂಗಡಿಯಲ್ಲಿ ಮುಂದಿನ ಟೈರು ಹಿಂದಕ್ಕೆ ಹಾಕಿಸಿದ್ರು, ಸದ್ದೂ ಹಿಂದಕ್ಕೆ ಹೋಯ್ತು! ಅಲೈನ್‌ಮೆಂಟ್ ಕೆಟ್ಟು ಟೈರು ಸವೆದಿತ್ತು, ಅಷ್ಟೇ. ಟೈರಿನ ಗೀರು ಇನ್ನೂ ಆಳ ಇತ್ತು. 1.6 ಮಿಲಿಮೀಟರಿಗಿಂತ ಕಮ್ಮಿ ಇದ್ದಿದ್ರೆ, ಸದ್ದು ಇರಲಿ ಬಿಡಲಿ, ಘಾಟಿ ಬೇಡ ಅಂತಿದ್ದೆ.

ಇದಕ್ಕೆ ಮೆಕ್ಯಾನಿಕ್ ಮೋಸ ಮಾಡಿದ ಅಂತ ಹೇಳೋಕಾಗಲ್ಲ. ಸವೆದ ಟೈರು, ಕೆಟ್ಟ ಬೇರಿಂಗ್ ಎರಡರದ್ದೂ ಹೆಚ್ಚುಕಮ್ಮಿ ಒಂದೇ ರಾಗ. ನಾವು ಹೋಗಿ "ಸೌಂಡ್ ಬರ್ತಿದೆ ನೋಡಿ" ಅಂತೀವಿ. ಪಾಪ, ಟ್ರಾಫಿಕ್ಕಲ್ಲಿ 30ರ ಮೇಲೆ ಓಡಿಸೋಕೆ ಅವರಿಗೂ ಜಾಗ ಇರಲ್ಲ.

ಮತ್ತೆ ಆಕ್ಸಲ್? ಅದರ ಸದ್ದೇ ಬೇರೆ. ಪಾರ್ಕಿಂಗಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಹೋದಾಗ ಕಟಕಟಕಟ ಅಂದ್ರೆ ಅದು. ಚಕ್ರ ತಿರುಗಿಸಿಟ್ಟು ಹಿಂದೆ ಬಗ್ಗಿ ನೋಡಿದ್ರೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್ ಕಾಣುತ್ತೆ. ಅದು ಹರಿದು ಸುತ್ತ ಗ್ರೀಸ್ ಎರಚಿದ್ರೆ ಒಳಗೆ ಧೂಳು ಸೇರೋಕೆ ಶುರು. ಸದ್ದು ಇನ್ನೂ ಬಂದಿಲ್ಲ ಅಂದ್ರೆ ಸಾಮಾನ್ಯವಾಗಿ ಬೂಟು, ಗ್ರೀಸು ಬದಲಾಯಿಸಿದ್ರೆ ಸಾಕು. ತಡ ಮಾಡಿದ್ರೆ ಜಾಯಿಂಟೇ ಹಾಕಿಸಬೇಕು.

ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಬ್ರೇಕ್ ಕರಕರ ಅಂದ್ರೆ ಡಿಸ್ಕ್ ಮೇಲಿನ ತುಕ್ಕು, ನಾಲ್ಕು ಸಲ ಬ್ರೇಕ್ ಹಾಕಿದ್ರೆ ಹೋಗುತ್ತೆ. ಮಣ್ಣು ರಸ್ತೆಯಿಂದ ಬಂದ ಮೇಲೆ ಭಯಂಕರವಾಗಿ ಕೀರಲು ಸದ್ದು ಬಂದ್ರೆ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲು ಸಿಕ್ಕಿರಬಹುದು. ಸ್ವಲ್ಪ ರಿವರ್ಸ್ ಹೋದ್ರೆ ಎಷ್ಟೋ ಸಲ ಬಿದ್ದುಹೋಗುತ್ತೆ. ಆದ್ರೆ ಬ್ರೇಕ್ ಒತ್ತಿದಾಗಲೆಲ್ಲ ಗರ್ರ್ ಅಂತ ಉಜ್ಜಿದ ಹಾಗಾದ್ರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗ್ತಿದೆ ಅಂತ. ಆ ಗಾಡಿ ಶಿರಾಡಿನೂ ಇಳೀಬಾರದು, ಚಾರ್ಮಾಡಿನೂ ಇಳೀಬಾರದು. ಪ್ಯಾಡ್ 3 ಮಿಲಿಮೀಟರಿಗೆ ಬಂದಾಗಲೇ ಹಾಕಿಸಿಬಿಡಿ.

ನನಗೆ ನಿಜವಾಗಿ ಭಯ ಇರೋದು ಹಂಪ್ ದಾಟುವಾಗ ಬರೋ ಟಕ್ ಟಕ್ ಬಗ್ಗೆ. ಬಹಳ ಸಲ ಅದು ಲಿಂಕ್ ರಾಡ್. ಕಡಿಮೆ ದುಡ್ಡಿನ ಕೆಲಸ, ಪ್ರಾಣಾಪಾಯ ಇಲ್ಲ. ಆದ್ರೆ ಕೆಳಗಿನ ಬಾಲ್ ಜಾಯಿಂಟ್ ಸವೆದ್ರೂ ಸದ್ದು ಹೀಗೇ ಇರುತ್ತೆ. ಅದು ಕಳಚಿಕೊಂಡ್ರೆ ಓಡ್ತಿರೋವಾಗಲೇ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತೆ. ಹಾಗಾಗಿ "ಏನಿಲ್ಲ ಸಾರ್, ಓಡಿಸಿ" ಅಂದ್ರೆ ಒಪ್ಪಬೇಡಿ. ಗಾಡಿ ಎತ್ತಿಸಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿಸಿ. ಆಟ ಇದ್ರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ರೆ ಸ್ಟೇರಿಂಗಿನ ಟೈ ರಾಡ್ ನೋಡಿಸಿ. ಬರೀ ಜಾಕಿ ಮೇಲಿರೋ ಗಾಡಿ ಕೆಳಗೆ ನೀವು ತೂರಬೇಡಿ.

ಹಾಂ, ಇನ್ನೊಂದು. ಪಂಕ್ಚರ್ ಹಾಕಿಸಿದ ಮೇಲೆ ಹೊಸದಾಗಿ ಲೊಟಲೊಟ ಅಂದ್ರೆ ಅಲ್ಲೇ ನಿಲ್ಲಿಸಿ, ನಟ್ ಬಿಗಿ ಇದೆಯಾ ನೋಡಿ. ಗ್ಯಾರೇಜ್ ಹತ್ರಾನೇ ಇದೆ ಅಂತ ಓಡಿಸಬೇಡಿ.

ನಿಮ್ಮ ಗಾಡಿ ಸದ್ದು ನನಗೆ ಕಳಿಸೋದಾದ್ರೆ ಎಸಿ, ಹಾಡು ಎರಡೂ ಆಫ್ ಮಾಡಿ, ಕಿಟಕಿ ಇಳಿಸಿ, ಉದ್ದ ಕಾಂಪೌಂಡ್ ಗೋಡೆ ಪಕ್ಕ ನಿಧಾನಕ್ಕೆ ಹೋಗಿ. ಗೋಡೆಗೆ ಬಡಿದು ವಾಪಸ್ ಬರೋ ಸದ್ದು ಚೆನ್ನಾಗಿ ಕೇಳುತ್ತೆ. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ಸ್ಪೀಡ್ ಎಷ್ಟು, ಸ್ಟೇರಿಂಗ್ ಯಾವ ಕಡೆ ಅನ್ನೋದನ್ನ ಅವರೇ ಬಾಯಲ್ಲಿ ಹೇಳಲಿ. ಅದೇ ರೆಕಾರ್ಡಿಂಗನ್ನ ಗ್ಯಾರೇಜಲ್ಲೂ ಕೇಳಿಸಿ. ಮುಂದಿನ ವಾರ ಸಿಗೋಣ.