ಹೆಲ್ಪರ್ ಆಗಿ ಸೇರಿದವರ ಮುಂದಿನ ದಾರಿ



ಕಾರ್ಖಾನೆಗಳಲ್ಲಿ ‘ಹೆಲ್ಪರ್’ ಎಂಬ ಕೆಲಸವೊಂದುಂಟು. ಓದು ಅಷ್ಟಕ್ಕಷ್ಟೆ, ಕಸುಬು ಗೊತ್ತಿಲ್ಲ, ಆದರೆ ಮೈಯಲ್ಲಿ ಕಸುವಿದೆ ಎನ್ನುವವರಿಗೆ ಅದೇ ಹೆಬ್ಬಾಗಿಲು. ವಿದ್ಯುತ್ ಸಾಮಗ್ರಿ ತಯಾರಿಕೆಯಲ್ಲಿ ಆ ಬಾಗಿಲಿನ ಒಳಗಿನ ದಾರಿ ಹೇಗೆ ಬದಲಾಯಿತೆಂದು ತಿಳಿದರೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಯುವಜನರ ಮುಂದಿರುವ ಪ್ರಶ್ನೆ ಸ್ಪಷ್ಟವಾಗುತ್ತದೆ.

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿಯಿತು. ವಿದ್ಯುತ್ತಿನ ಹಿಂದೆಯೇ ಕಾರ್ಖಾನೆಗಳು ಬಂದವು. 1936ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ಸ್ ಆರಂಭವಾಯಿತು. 1956ರಲ್ಲಿ ಜರ್ಮನಿಯ ಎಇಜಿ ಸಹಯೋಗದೊಡನೆ ಎನ್‌ಜಿಇಎಫ್ ಹುಟ್ಟಿ, ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸಿತು. ಬಳ್ಳಾರಿಯಾದರೋ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಮದರಾಸಿನ ಆಡಳಿತದಲ್ಲಿತ್ತು. ಸಂಸ್ಥಾನದ ಈ ಕೈಗಾರಿಕೆಗಳ ಫಲ ಇತ್ತ ಹರಿಯಲಿಲ್ಲ.

ಆ ಕಾಲದ ಕಾರ್ಖಾನೆಗಳಲ್ಲಿ ಕೈಕೆಲಸವೇ ಹೆಚ್ಚು. ಸಾಮಾನು ಹೊರಲು ಸೇರಿದವರು ಹಿರಿಯ ಕೆಲಸಗಾರರ ಪಕ್ಕ ನಿಂತು ತಾಮ್ರದ ತಂತಿ ಸುತ್ತುವುದನ್ನು ಕಾಲಕ್ರಮದಲ್ಲಿ ಕಲಿಯಬಹುದಿತ್ತು. ನೌಕರಿ ಕಾಯಂ ಆದವರಿಗೆ ಕಲಿತದ್ದು ಬಡ್ತಿಯಾಗಿ ಒದಗುತ್ತಿತ್ತು. ಎನ್‌ಜಿಇಎಫ್ 2002ರಲ್ಲಿ, ಮೈಸೂರು ಲ್ಯಾಂಪ್ಸ್ 2003ರಲ್ಲಿ ಮುಚ್ಚಿದಾಗ ನೌಕರಿಯ ಜೊತೆಗೆ ಈ ಏಣಿಯೂ ಹೋಯಿತು.

ಆಮೇಲೆ ಬಂದದ್ದು ಎಲ್‌ಇಡಿ. ಈ ದೀಪದಲ್ಲಿ ಹಳೆಯ ಬಲ್ಬಿನ ಟಂಗ್‌ಸ್ಟನ್ ಎಳೆಯಿಲ್ಲ. ಪುಟ್ಟ ಬಿಡಿಭಾಗಗಳನ್ನು ಯಂತ್ರವೇ ಹಲಗೆಯ ಮೇಲೆ ಕೂರಿಸುತ್ತದೆ. ಮನುಷ್ಯರಿಗೆ ಉಳಿಯುವುದು ಜೋಡಿಸುವುದು, ಉರಿಸಿ ನೋಡುವುದು, ಪೆಟ್ಟಿಗೆಗೆ ತುಂಬುವುದು. ಎರಡು ದಿನದಲ್ಲಿ ಕಲಿಯುವ ಕೆಲಸಕ್ಕೆ ಎರಡೇ ದಿನದಲ್ಲಿ ಬೇರೆಯವರನ್ನು ತರಬಹುದು. ಹೀಗಾಗಿ ಕೆಲಸಗಾರರ ಮಾತಿಗೆ ಬೆಲೆ ಕಡಿಮೆ.

ಕೆಲಸವೇ ಇಲ್ಲವೆಂದಲ್ಲ. ಮೊಬೈಲ್ ಫೋನ್ ಜೋಡಿಸುವ ಕಾರ್ಖಾನೆಗಳು ಕೋಲಾರದ ನರಸಾಪುರ ಹಾಗೂ ದೇವನಹಳ್ಳಿಯ ಕಡೆ ಸಾವಿರಾರು ಮಂದಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಕೆಲಸ ಕೊಟ್ಟಿವೆ. ಆದರೆ 2020ರ ಡಿಸೆಂಬರಿನಲ್ಲಿ ನರಸಾಪುರದ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ದಾಂಧಲೆಯಾದಾಗ ಒಂದು ಸಂಗತಿ ಹೊರಬಿತ್ತು: ಅಲ್ಲಿನ ಬಹುಪಾಲು ಕೆಲಸಗಾರರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು.

ಹಾಗಾದರೆ ವಿದ್ಯುತ್ ಕಸುಬು ಕಲಿಯುವ ದಾರಿ ಎಲ್ಲಿದೆ? ಪಂಪ್‌ಸೆಟ್ಟುಗಳಿರುವ ಸಿರುಗುಪ್ಪ, ಕುರುಗೋಡಿನಂಥ ನೀರಾವರಿ ಸೀಮೆಯಲ್ಲಿ ಮೋಟಾರು ಸುಡುವುದು ತಪ್ಪಿದ್ದಲ್ಲ. ಅದನ್ನು ಸರಿಪಡಿಸುವ ವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಸುರುಳಿಯ ಸುತ್ತು ಎಣಿಸಬೇಕು, ತಂತಿಯ ದಪ್ಪ ಅಳೆಯಬೇಕು, ಗಾಡಿಯಲ್ಲಿ ನಿರೋಧಕ ಕಾಗದ ಹಾಸಿ ಹೊಸ ತಂತಿ ಕೂರಿಸಬೇಕು, ವಾರ್ನಿಷ್ ಹಚ್ಚಿ ಒಣಗಿಸಬೇಕು. ಒಂದು ಸುತ್ತು ತಪ್ಪಿದರೂ ಮೋಟಾರು ತಪ್ಪು ಹೇಳುತ್ತದೆ. ಇಲ್ಲಿ ಪಿಂಚಣಿಯಿಲ್ಲ, ಭವಿಷ್ಯನಿಧಿಯಿಲ್ಲ. ಆದರೆ ಕಲಿತ ಕೈ ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ಕಾರ್ಖಾನೆ ಭದ್ರತೆ ಕೊಟ್ಟು ಕಸುಬನ್ನೂ ಕೊಡುತ್ತಿದ್ದ ಕಾಲ ಹೋಗಿ, ಎರಡೂ ಬೇರೆಬೇರೆಯಾಗಿವೆ.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿ ಬಳ್ಳಾರಿಯವರಿಗೂ ಮೀಸಲಾತಿ ಒದಗಿಸಿತು. ಅದು ಸರ್ಕಾರಿ ಹುದ್ದೆ ಮತ್ತು ಶಿಕ್ಷಣದ ಸೀಟುಗಳಿಗೆ. ಖಾಸಗಿ ಕಾರ್ಖಾನೆಯ ಗೇಟಿಗಲ್ಲ. ಆದರೆ ಐಟಿಐ ಸೀಟು, 1961ರ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿ, ಇವು ಕೈಗೆಟುಕುವಂಥವು. ಊರಿಗೆ ಏಜೆನ್ಸಿಯವರು ಬಂದಾಗ ಸಂಬಳವೆಷ್ಟು ಎಂದು ಎಲ್ಲರೂ ಕೇಳುತ್ತಾರೆ. ಭವಿಷ್ಯನಿಧಿ ಕಟ್ಟುವವರು ಯಾರು, ವರ್ಷ ಕಳೆದಮೇಲೆ ಕೈಗೆ ಬರುವ ಕಸುಬು ಯಾವುದು ಎಂದೂ ಕೇಳಬೇಕು.