ಖೂನ, ಖೂನಿ ಮತ್ತು ಹೊಸ ಫೌಜದಾರ

(ಚಿಕ್ಕೋಡಿಯಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹರೂಪ)



ಪತ್ತೇದಾರಿ ಕಾದಂಬರಿ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವ ಹೆಸರು ಎನ್. ನರಸಿಂಹಯ್ಯನವರದು. ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಗಡಿಯಾಚೆ ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರ್ ಸಾವಿರ ದಾಟಿದರು. ಇವರ ನಾಯಕರು ಬಹುಮಟ್ಟಿಗೆ ಖಾಸಗಿ ಪತ್ತೇದಾರರು, ಸಾಹಸಿಗರು. ಅಂಥವರಿಗೆ ಒಂದು ಸೌಕರ್ಯವಿದೆ: ಫಿರ್ಯಾದಿ ಬರೆದುಕೊಳ್ಳುವ ಕೆಲಸ ಅವರದಲ್ಲ.

ನಾಯಕ ಪೊಲೀಸನಾದರೆ, ಅದರಲ್ಲೂ ಹಲವು ಭಾಷೆಗಳ ಊರಿಗೆ ಹೊಸದಾಗಿ ಬಂದ ಎಳೆಯ ಫೌಜದಾರನಾದರೆ, ಕಥೆಯೇ ಬೇರೆ. ಕೊಲೆಗಾರನನ್ನು ಹುಡುಕುವ ಮೊದಲು, ಎದುರಿಗೆ ಕುಳಿತವರು ಹೇಳಿದ್ದೇನು ಎಂಬುದನ್ನು ಅವನು ಹುಡುಕಬೇಕು.

ಇಂಥ ಕಾದಂಬರಿ ನಮ್ಮ ಸೀಮೆಗೆ ತೀರ ಹೊಸದೇನಲ್ಲ. ಸುರಪುರದ 'ಟೇಲರ್ ಮಂಜಿಲ್' ನೋಡಿದವರಿಗೆ ಫಿಲಿಪ್ ಮೆಡೋಸ್ ಟೇಲರ್ ಹೆಸರು ಗೊತ್ತಿರುತ್ತದೆ. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ ಈತ 1824ರಲ್ಲಿ ಮುಂಬಯಿಗೆ ಬಂದಾಗ ಹದಿನೈದರ ಹುಡುಗ. ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಬಂದವನು ನಿಜಾಮನ ಸೈನ್ಯ ಸೇರಿದ. ಇಪ್ಪತ್ತು ತುಂಬುವ ಮುನ್ನವೇ ನಿಜಾಮನ ಸೀಮೆಯಲ್ಲಿ ಪೊಲೀಸ್ ಅಧಿಕಾರಿಯಾದ. ಹಿಂದೂಸ್ತಾನಿ, ಮರಾಠಿ ಕಲಿತು ಜನರೊಡನೆ ನೇರವಾಗಿ ಮಾತನಾಡಬಲ್ಲವನಾದ.

1839ರಲ್ಲಿ ಲಂಡನ್‌ನಲ್ಲಿ ಪ್ರಕಟವಾದ ಅವನ 'ಕನ್‌ಫೆಷನ್ಸ್ ಆಫ್ ಎ ಠಗ್' ಕಾದಂಬರಿಯಲ್ಲಿ ಅಮೀರ್ ಅಲಿ ಎಂಬ ಠಕ್ಕ ತನ್ನ ಕೊಲೆಗಳ ಕಥೆಯನ್ನು ಸಾಹೇಬನೊಬ್ಬನ ಮುಂದೆ ಬಿಚ್ಚಿಡುತ್ತಾನೆ. ಸಾಹೇಬನದು ಮಾತು ಕಡಿಮೆ, ಕೇಳುವುದೇ ಹೆಚ್ಚು. ದಾರಿಹೋಕರ ಕೊರಳಿಗೆ ರುಮಾಲು ಬೀಳಬೇಕಾದರೆ ಠಕ್ಕರ ನಾಯಕ ಕೊಡುವ ಸಂಕೇತವೇನು ಗೊತ್ತೆ? 'ತಂಬಾಕು ಲಾವೋ.' ನಿಪ್ಪಾಣಿಯಿಂದ ಬಂದವರು ಬೇಸರ ಮಾಡಿಕೊಳ್ಳಬಾರದು! ಕೇಳಿದವರಿಗೆ ಅದು ಬರೀ ತಂಬಾಕು, ಒಳಗಿನವರಿಗೆ ಮಾತ್ರ ಅಪ್ಪಣೆ. ಆ ಕಾದಂಬರಿಯಲ್ಲಿ ರುಮಾಲಿಗಿಂತ ಹೆಚ್ಚು ಭಯ ಹುಟ್ಟಿಸುವುದು ಈ ಎರಡು ಮಾತು.

ಆದರೆ ಅಮೀರ್ ಅಲಿ ಆಡುವ ಭಾಷೆಯೊಂದು, ಪುಸ್ತಕಕ್ಕಿಳಿದ ಭಾಷೆ ಮತ್ತೊಂದು. ನಿಜವಾದ ಠಕ್ಕರ ಮೊಕದ್ದಮೆಗಳೂ ಹೀಗೆಯೇ ನಡೆದವು. ಸೆರೆಸಿಕ್ಕು ಮಾಫಿಸಾಕ್ಷಿಯಾದವನು ಒಂದು ಭಾಷೆಯಲ್ಲಿ ಹೇಳಿದ್ದು ಕಂಪನಿ ಅಧಿಕಾರಿಯ ಇಂಗ್ಲಿಷ್ ಕಡತವಾಯಿತು. ಅದರ ಆಧಾರದ ಮೇಲೆ ಎಷ್ಟೋ ಜನ ಗಲ್ಲಿಗೇರಿದರು. ಆ ಕಡತಗಳಲ್ಲಿ ಠಕ್ಕರ ಮಾತೆಷ್ಟು, ಬರೆದುಕೊಂಡವರ ಕಲ್ಪನೆಯೆಷ್ಟು ಎಂದು ಇತಿಹಾಸಕಾರರು ಈಗ ಕೇಳುತ್ತಿದ್ದಾರೆ. 'ನಾನು ಹೇಳಿದ್ದು ಹಾಗಲ್ಲ' ಎನ್ನಲು ನೇಣಿಗೇರಿದವರು ಉಳಿದಿರಲಿಲ್ಲ.

ಈಚಿನದು ಬೇಕೆಂದರೆ ಅನಿತಾ ನಾಯರ್ ಅವರ 'ಕಟ್ ಲೈಕ್ ವೂಂಡ್' (2012) ಇದೆ. ಬೆಂಗಳೂರು, ರಂಜಾನ್ ತಿಂಗಳು, ಇನ್ಸ್‌ಪೆಕ್ಟರ್ ಬೋರೇಗೌಡ, ಅವನ ಕೈಕೆಳಗೆ ಸಂತೋಷ್ ಎಂಬ ಎಳೆಯ ಸಬ್ ಇನ್ಸ್‌ಪೆಕ್ಟರ್. ಒಳ್ಳೆಯ ಪುಸ್ತಕವೇ. ಆದರೆ ಊರಿನ ಭಾಷೆಗಳೆಲ್ಲ ಇಂಗ್ಲಿಷಿನಲ್ಲಿ ಕರಗುವುದರಿಂದ ನಾನು ಹೇಳುತ್ತಿರುವ ತೊಡಕು ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಅದು ಕಾಣಬೇಕಾದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಕ್ಕೇ ಬರಬೇಕು. ಮೈಸೂರು ಕಡೆಯ ಹುಡುಗನೊಬ್ಬ ಪಿ.ಎಸ್.ಐ. ಆಗಿ ನಿಪ್ಪಾಣಿಗೆ ಬಂದ ಎಂದಿಟ್ಟುಕೊಳ್ಳಿ. ಹೆಣ್ಣುಮಗಳೊಬ್ಬಳು 'ನನಗ ಅವನ ಖೂನ ಸಿಕ್ಕೈತ್ರಿ' ಎನ್ನುತ್ತಾಳೆ. ಗುರುತು ಸಿಕ್ಕಿದೆ ಎಂದರ್ಥ, ನಮಗೆ ಗೊತ್ತು. ಅವನ ಕಿವಿಗೆ ಬಿದ್ದದ್ದು ಖೂನಿ! ಪಕ್ಕದ ಬೆಂಚಿನ ಮರಾಠಿಯವರಿಗೆ 'ಖೂನ್' ಎಂದರೆ ಕೊಲೆ, 'ಖೂಣ್' ಎಂದರೆ ಗುರುತು. ಎರಡರ ನಡುವಿನ ಅಂತರ ಒಂದು ಣಕಾರ. ಇದನ್ನೆಲ್ಲ ಬಿಡಿಸಿ ಹೇಳಬಲ್ಲವರು ಠಾಣೆಯ ಹಳೆಯ ಹವಾಲ್ದಾರರು. ಹಾಗಾದರೆ ತನಿಖೆ ಮಾಡುತ್ತಿರುವವರು ಫೌಜದಾರರೋ ಹವಾಲ್ದಾರರೋ? ನನ್ನನ್ನು ಕೇಳಿದರೆ ಕಾದಂಬರಿ ಅಲ್ಲೇ ಇದೆ.

ಸೀಮೆಯೂ ಅಂಥದೇ. ಸ್ವಾತಂತ್ರ್ಯಕ್ಕೆ ಮುಂಚೆ ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದು. ಅಥಣಿಯ ಕಳ್ಳ ರಾಯಬಾಗ ಸೇರಿದರೆ ಇನ್ನೊಂದು ರಾಜ್ಯವನ್ನೇ ಸೇರಿದಂತೆ. 1956ರ ನಂತರ ಗೆರೆ ಬೇರೆಡೆ ಬಿತ್ತು. ಕಾಗವಾಡ ಕರ್ನಾಟಕ, ಕೂಗಳತೆಯಂಥ ಮಿರಜ ಮಹಾರಾಷ್ಟ್ರ. ಮಿರಜದಲ್ಲಿ ಕಳವಾದರೆ ಕಾಗವಾಡದಲ್ಲಿ ದೂರು ಕೊಡಬಹುದೆ? ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಅಪರಾಧ ಎಲ್ಲಿಯೇ ನಡೆದಿರಲಿ, ಮಾಹಿತಿಯನ್ನು ಠಾಣೆಯಲ್ಲಿ ಕೊಡಬಹುದು ಎನ್ನುತ್ತದೆ. 'ಜೀರೋ ಎಫ್.ಐ.ಆರ್.' ಎನ್ನುವುದು ಇದನ್ನೇ. 'ನಮ್ಮ ಹದ್ದಲ್ಲ, ಆಚೆ ಹೋಗಿ' ಎಂಬ ಮಾತಿಗೆ ಈಗ ಕಾನೂನಿನ ಬೆಂಬಲವಿಲ್ಲ.

ಅದೇ ಕಲಮಿನಲ್ಲಿ, ಅದರ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 154ರಲ್ಲಿ ಇದ್ದಂತೆಯೇ, ಇನ್ನೊಂದು ಮಾತಿದೆ. ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ ದೂರುದಾರರಿಗೆ ಓದಿ ಹೇಳಬೇಕು; ಆಮೇಲೆ ರುಜು; ಪ್ರತಿ ಪುಕ್ಕಟೆ. ಓದಿ ಹೇಳುವುದು ಯಾವ ಭಾಷೆಯಲ್ಲಿ ಎಂದು ಆ ಕಲಮು ಬಿಡಿಸಿ ಹೇಳಿಲ್ಲ. ಮರಾಠಿಯಲ್ಲಿ ಅತ್ತು ಹೇಳಿದವಳಿಗೆ ಕನ್ನಡದ ಕಾಗದವನ್ನು ಗಡಗಡ ಓದಿದರೆ ಓದಿದಂತಾಯಿತೆ? ಗಡಿಯಾಚೆಯ ಠಾಣೆಯಲ್ಲಿ ನಮ್ಮ ಕನ್ನಡದವಳು ಕುಳಿತಿದ್ದರೂ ಇದೇ ಪ್ರಶ್ನೆ.

ನಮ್ಮ ಎಳೆಯ ಫೌಜದಾರ ಮೊದಲನೇ ಅಧ್ಯಾಯದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾನೆ. ಎರಡನೆಯದರಲ್ಲಿ ಹವಾಲ್ದಾರರು ಆ ಕಾಗದವನ್ನು ಅವಳ ಭಾಷೆಯಲ್ಲಿ ಮತ್ತೊಮ್ಮೆ ಓದುತ್ತಾರೆ. ಆಗ ಅವಳು 'ಇದು ನಾನು ಹೇಳಿದ್ದಲ್ಲ' ಎನ್ನುತ್ತಾಳೆ.